ಟ್ರಿಗರ್ ಒತ್ತೋ ಮುಂಚೆ

ಬಾಮ್ಮ, ಈ ಕಡೆ ನೆರಳಿದೆ, ಕಾಂಪೌಂಡ್ ಹತ್ರಾನೇ ನಿಂತ್ಕೋ. ಆ ಪೆಟ್ಟಿಗೆ ಇತ್ಲಾಗೆ ಕೊಡು, ನೋಡೋಣ. ಹ್ಯಾಮರ್ ಡ್ರಿಲ್ ತಂದಿದೀಯ ಅಂತ ನಿಮ್ಮತ್ತೆ ಬೆಳಗ್ಗೆ ಹೂವು ಬಿಡಿಸುವಾಗಲೇ ಹೇಳಿದ್ರು. ಕರ್ಟನ್ ರಾಡ್ ಹಾಕೋನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಕೈಕೊಟ್ಟಿದ್ದಕ್ಕೆ ನಮ್ಮ ಹುಡುಗಿ ತಾನೇ ಹಾಕ್ತೀನಿ ಅಂತ ಹೊರಟಿದಾಳೆ, ನೀವೊಂದು ಮಾತು ಹೇಳಿ ಅಂದ್ರು. ಬೇಡ ಅಂತ ನಾನು ಹೇಳೋಲ್ಲ. ತಂದಿದ್ದು ಒಳ್ಳೇದೇ ಆಯ್ತು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಪಾಠ ಮಾಡಿದವನು ನಾನು. ಅಲ್ಲಿಗೆ ಬರ್ತಿದ್ದ ಹೆಣ್ಣುಮಕ್ಕಳು ಈ ಮೆಷಿನ್ ಹಿಡಿದ್ರೆ ನೋಡೋಕೆ ಸಂತೋಷ ಆಗೋದು, ಅವಸರಾನೇ ಇರ್ತಿರಲಿಲ್ಲ. ಗೋಡೆಯಲ್ಲಿ ಒಂದು ತೂತು ಬೀಳೋಕೆ ಅರ್ಧ ನಿಮಿಷ ಸಾಕು. ಅದಕ್ಕೆ ಮುಂಚೆ ಒಂದು ಕಾಲು ಗಂಟೆ ಬೇಕು ನೋಡು, ನಾನು ಹೇಳಬೇಕು ಅಂತಿರೋದೆಲ್ಲ ಆ ಕಾಲು ಗಂಟೆ ವಿಷಯ.

ಮೊದಲು ಮೆಷಿನ್ ಅರ್ಥ ಮಾಡ್ಕೋ. 600 ವ್ಯಾಟ್, 13 ಎಂಎಂ ಚಕ್. ಮನೆ ಕೆಲಸಕ್ಕೆ ಧಾರಾಳ. ತಲೆ ಮೇಲೆ ಒಂದು ಸ್ವಿಚ್ ಇದೆ, ಒಂದು ಕಡೆ ಸುತ್ತಿಗೆ ಚಿತ್ರ, ಇನ್ನೊಂದು ಕಡೆ ಬರೀ ಬಿಟ್ ಚಿತ್ರ. ಸುತ್ತಿಗೆ ಕಡೆ ತಳ್ಳಿದ್ರೆ ಬಿಟ್ ತಿರುಗೋದರ ಜೊತೆಗೆ ಕುಟ್ಟುತ್ತೆ ಕೂಡ. ಒಳಗೆ ಹಲ್ಲಿರೋ ಎರಡು ತಟ್ಟೆ ಎದುರುಬದುರು ಕೂತಿವೆ. ನೀನು ಬಿಟ್ಟನ್ನ ಗೋಡೆಗೆ ಒತ್ತಿದಾಗ ಮಾತ್ರ ಹಲ್ಲಿಗೆ ಹಲ್ಲು ತಾಗಿ, ಒಂದು ಇನ್ನೊಂದರ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಏಟು ಹುಟ್ಟುತ್ತೆ. ನಿಮಿಷಕ್ಕೆ ಸಾವಿರಾರು ಸಣ್ಣ ಸಣ್ಣ ಏಟು. ಇಟ್ಟಿಗೆ, ಗಾರೆ, ಸಿಮೆಂಟ್ ಬ್ಲಾಕಿಗೆ ಈ ಏಟು ಬೇಕು. ಮರ, ಕಬ್ಬಿಣ, ಟೈಲ್ಸಿಗೆ ಬೇಡವೇ ಬೇಡ. ಟೈಲ್ಸ್ ಮೇಲೆ ಸುತ್ತಿಗೆ ಹಾಕಿದ್ರೆ ಪಟ್ ಅಂತ ಸೀಳುತ್ತೆ, ಚೂರು ಮುಖಕ್ಕೆ ಬರುತ್ತೆ. ಈಗ ಹೊಸ ಮನೆಗಳಲ್ಲಿ ಹಗುರದ ಎಎಸಿ ಬ್ಲಾಕ್, ಒಳಗೆ ಟೊಳ್ಳಿರೋ ಇಟ್ಟಿಗೆ ಬರ್ತಿವೆಯಲ್ಲ, ಅದಕ್ಕೂ ಬೇಡ. ಕುಟ್ಟಿದ್ರೆ ಒಳಗಡೆ ಒಡೆದು ತೂತು ಅಗಲ ಆಗಿ, ಸ್ಕ್ರೂ ಕೂರಿಸೋ ಪ್ಲಾಸ್ಟಿಕ್ ಪ್ಲಗ್ ಹಿಡಿಯೋದೇ ಇಲ್ಲ.

ಈಗ ವೈರು. ಪಿನ್ ನೋಡು, ಎರಡೇ ಇದೆ. ಅರ್ತ್ ಪಿನ್ ಇಲ್ಲ ಅಂತ ಹೆದರಬೇಡ. ಲೇಬಲ್ ಮೇಲೆ ಚೌಕದೊಳಗೊಂದು ಚೌಕ ಇದೆ ನೋಡು, ಅದು ಡಬಲ್ ಇನ್ಸುಲೇಷನ್ ಗುರುತು. ಒಳಗೆ ಒಂದು ರಕ್ಷಣೆ ಸೋತ್ರೂ ಮೈಗೆ ಕರೆಂಟು ಬರದ ಹಾಗೆ ಇನ್ನೊಂದು ರಕ್ಷಣೆ ಮಾಡಿರ್ತಾರೆ. ಆದ್ರೆ ವೈರಿನ ಮೇಲಿನ ತೊಗಟೆ ಹರಿದ್ರೆ ಆ ಚೌಕಕ್ಕೆ ಬೆಲೆ ಇಲ್ಲ. ಪ್ರತಿ ಸಲ ಪಿನ್ ಹಾಕೋಕೆ ಮುಂಚೆ ವೈರನ್ನ ಈ ತುದಿಯಿಂದ ಆ ತುದಿವರೆಗೆ ಬೆರಳಲ್ಲಿ ಸವರಿಕೊಂಡು ಹೋಗು. ಮುಖ್ಯವಾಗಿ ಹಿಡಿ ಒಳಗೆ ವೈರು ಹೋಗೋ ಜಾಗ. ಅಲ್ಲಿ ಬಗ್ಗಿ ಬಗ್ಗಿ ಒಡೆಯುತ್ತೆ. ಒಡೆದಿದ್ರೆ ಟೇಪ್ ಸುತ್ತಿ ದೂಡಬೇಡ, ವೈರೇ ಬದಲಾಯಿಸೋಕೆ ಕೊಡು. ಟೇಪು ಬೇಸಗೇಲಿ ಅಂಟು ಬಿಡುತ್ತೆ, ಬಿಡೋದು ನಿನ್ನ ಕೈಯಲ್ಲಿ ಇರುವಾಗಲೇ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕೋದಾದ್ರೆ ಸುತ್ತಿರೋ ವೈರನ್ನೆಲ್ಲ ಬಿಚ್ಚಿ ಹರಡು, ಸುತ್ತಿದ ಹಾಗೇ ಇಟ್ರೆ ಬಿಸಿಯಾಗುತ್ತೆ. ಟಿವಿಗೆ ಬಳಸೋ ಸಣ್ಣ ವೈರಿನ ಬೋರ್ಡ್ ಇದಕ್ಕೆ ತರಬೇಡ.

ನಿಮ್ಮ ಮನೆ ಡಿಬಿ ಬಾಕ್ಸ್ ತೆಗೆದು ನೋಡಿದೀಯಾ? ಸಾಲಾಗಿ ಎಂಸಿಬಿ ಇವೆ, ಅವುಗಳ ಪಕ್ಕ ಸ್ವಲ್ಪ ದಪ್ಪಗಿರೋದೊಂದು, ಅದರ ಮೇಲೆ ಟಿ ಅಂತ ಸಣ್ಣ ಬಟನ್. ಅದೇ ಆರ್‌ಸಿಸಿಬಿ. ಎಂಸಿಬಿ ಇದ್ರೆ ಶಾಕ್ ಹೊಡೆಯೋಲ್ಲ ಅಂತ ಎಷ್ಟೋ ಓದಿದವರೂ ನಂಬಿದಾರಮ್ಮ, ನನಗೆ ಅದೇ ಸಂಕಟ. ಎಂಸಿಬಿ ಇರೋದು ವೈರು ಸುಡದ ಹಾಗೆ ಕಾಯೋಕೆ. 16 ಆಂಪಿಯರ್ ದಾಟಿ ಹರಿದ್ರೆ ಅದು ಬೀಳುತ್ತೆ. ಮನುಷ್ಯನ ಪ್ರಾಣ ತೆಗೆಯೋಕೆ ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವೂ ಬೇಡ. ಅಷ್ಟು ಕರೆಂಟು ಎಂಸಿಬಿಗೆ ಗೊತ್ತೇ ಆಗೋಲ್ಲ. ಆರ್‌ಸಿಸಿಬಿ ಹೋದ ಕರೆಂಟು ವಾಪಸ್ ಬಂತಾ ಅಂತ ಲೆಕ್ಕ ನೋಡ್ತಾ ಇರುತ್ತೆ. ಮನೆಗೆ ಹಾಕೋದು 30 ಮಿಲಿಆಂಪಿಯರಿನದು. ಅಷ್ಟು ಕರೆಂಟು ಯಾರದೋ ಮೈಮೇಲೆ ಹಾದು ನೆಲಕ್ಕಿಳೀತು ಅಂದ್ರೆ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿದುಬಿಡುತ್ತೆ. ಟಿ ಬಟನ್ ಒತ್ತಿದ್ರೆ ಟಕ್ ಅಂತ ಬೀಳಬೇಕು. ಬೀಳದಿದ್ರೆ ಅದು ಸತ್ತಿದೆ ಅಂತ ಅರ್ಥ, ಅವತ್ತು ಡ್ರಿಲ್ ಮುಟ್ಟಬೇಡ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಗೋಡೆ.

ಕೊರೆಯೋರು ಗೋಡೆಯ ಬಣ್ಣ ನೋಡ್ತಾರೆ, ಅಳತೆ ನೋಡ್ತಾರೆ, ಪೆನ್ಸಿಲಲ್ಲಿ ಗುರುತು ಹಾಕ್ತಾರೆ. ಗೋಡೆ ಒಳಗೇನಿದೆ ಅಂತ ಯಾರೂ ಯೋಚನೆ ಮಾಡೋಲ್ಲ. ನಮ್ಮ ಕಡೆ ಮನೆ ಕಟ್ಟುವಾಗ ಗೋಡೆಯಲ್ಲಿ ಗ್ರೂವ್ ಹೊಡೆದು, ಪಿವಿಸಿ ಪೈಪ್ ಕೂರಿಸಿ, ಮೇಲೆ ಗಾರೆ ಮೆತ್ತಿಬಿಡ್ತಾರೆ. ಮೇಲ್ಮೈಯಿಂದ ಒಂದಿಂಚು ಒಳಗೆ ಹೋದ್ರೆ ಪೈಪ್ ಸಿಗುತ್ತೆ. ನೀನು ಕೊರೆಯೋದು ಎಷ್ಟು ಆಳ? ಒಂದೂವರೆ, ಎರಡಿಂಚು. ಲೆಕ್ಕ ಹಾಕ್ಕೋ. ಸ್ವಿಚ್ ಬೋರ್ಡ್ ಕಂಡ ಕಡೆ ಅದರ ನೇರಕ್ಕೆ ಮೇಲೆ ಸೂರಿನವರೆಗೂ, ಕೆಳಗೆ ನೆಲದವರೆಗೂ ಕೊರೆಯಬೇಡ. ಅದರ ಅಕ್ಕಪಕ್ಕಾನೂ ಅದೇ ಎತ್ತರದಲ್ಲಿ ಕೊರೆಯಬೇಡ. ಗೋಡೆ ದೀಪ, ಎಸಿ ಪಾಯಿಂಟ್, ಗೀಸರ್ ಪಾಯಿಂಟ್ ಎಲ್ಲಕ್ಕೂ ಇದೇ ಮಾತು. ಆಮೇಲೆ ಎಲ್ಲರೂ ನೇರಕ್ಕೇ ಪೈಪ್ ಎಳೆದಿರ್ತಾರೆ ಅಂತ ನಂಬೋಕೂ ಆಗೋಲ್ಲ. ಪೈಪ್ ಉಳಿಸೋಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿರೋದನ್ನ ನಾನು ಕಣ್ಣಾರೆ ನೋಡಿದೀನಿ. ಅದಕ್ಕೇ ಮನೆ ಕಟ್ಟೋ ಪ್ರತಿಯೊಬ್ಬರಿಗೂ ನಾನು ಹೇಳ್ತೀನಿ, ಪ್ಲಾಸ್ಟರಿಂಗ್ ಆಗೋಕೆ ಹಿಂದಿನ ದಿನ ಪ್ರತಿ ಗೋಡೆ ಮುಂದೆ ಅಳತೆ ಟೇಪ್ ಹಿಡಿದು ಒಂದೊಂದು ಫೋಟೋ ತೆಗೆದಿಡಿ ಅಂತ. ಮೊಬೈಲ್ ಎಲ್ಲರ ಕೈಲೂ ಇದೆ, ತೆಗೆಯೋರು ನೂರಕ್ಕೊಬ್ಬರೂ ಇಲ್ಲ. ನಿಮ್ಮ ಮಾವನವರು ಮನೆ ಕಟ್ಟಿಸುವಾಗ ತೆಗೆದಿದ್ರು ಅಂತ ನೆನಪು, ಕೇಳಿ ನೋಡು.

ಮೇನ್ ಆಫ್ ಮಾಡಿಬಿಟ್ರೆ ಆಯ್ತಲ್ಲ ಅಂಕಲ್ ಅಂತೀಯಾ? ಆಗ ಡ್ರಿಲ್ಲಿಗೆ ಕರೆಂಟು ಎಲ್ಲಿಂದ ತರ್ತೀಯಮ್ಮ? ಕೊರೆಯೋ ಕೋಣೆಯ ಎಂಸಿಬಿ ಇಳಿಸು, ಇನ್ನೊಂದು ಕೋಣೆಯಿಂದ ಬೋರ್ಡ್ ಎಳೆದುಕೋ. ಇನ್ನೂ ಒಂದಿದೆ, ಅದನ್ನ ಎಲ್ಲರೂ ಮರೀತಾರೆ. ನಿಮ್ಮನೇಲಿ ಯುಪಿಎಸ್ ಇದೆ. ಲೈಟು ಫ್ಯಾನಿನ ಲೈನು ಅದಕ್ಕೆ ಸೇರಿರುತ್ತೆ. ಮೇನ್ ಇಳಿಸಿದ್ರೂ ಗೋಡೆ ಒಳಗೆ ಆ ವೈರಿನಲ್ಲಿ 230 ವೋಲ್ಟ್ ಹಾಗೇ ಇರುತ್ತೆ. ಬ್ಯಾಟರಿ ಕರೆಂಟು ಅಂತ ಅದೇನೂ ಮೆತ್ತಗೆ ಹೊಡೆಯೋಲ್ಲ. ಯುಪಿಎಸ್ಸನ್ನೂ ಆಫ್ ಮಾಡಿ, ಆ ಕೋಣೆಯ ಒಂದೊಂದು ಪಾಯಿಂಟಿಗೂ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಏಣಿ ಹತ್ತು.

ನೀರಿನ ಪೈಪೂ ಹಾಗೇ. ಬಚ್ಚಲುಮನೆ ಗೋಡೆಯ ಹಿಂಬದಿ ಯಾವ ಕೋಣೆ ಅಂತ ನೋಡ್ಕೋ. ನಿಮ್ಮದು ಮಲಗೋ ಕೋಣೆ, ಅಲ್ವಾ? ನಲ್ಲಿಯಿಂದ ಗೀಸರ್‌ವರೆಗೆ, ತಾರಸಿ ಮೇಲಿನ ಸೋಲಾರಿಂದ ಕೆಳಕ್ಕೆ, ಪೈಪ್ ಆ ಗೋಡೆಯಲ್ಲೇ ಇಳಿದಿರುತ್ತೆ. ಟ್ಯಾಂಕಿನ ವಾಲ್ವ್ ಎಲ್ಲಿದೆ, ಅದು ತಿರುಗುತ್ತಾ ಅಂತ ಮೊದಲೇ ನೋಡಿಟ್ಟಿರು. ಗೋಡೆಯಿಂದ ನೀರು ಚಿಮ್ಮುವಾಗ ತಾರಸಿಗೆ ಓಡಿ ತುಕ್ಕು ಹಿಡಿದ ವಾಲ್ವ್ ಜೊತೆ ಜಗ್ಗಾಡೋ ಪಾಡು ಯಾರಿಗೂ ಬೇಡ.

ಕೊರೀತಾ ಇರುವಾಗ ಗೋಡೆ ತಾನೇ ನಿನಗೆ ಹೇಳ್ತಾ ಹೋಗುತ್ತೆ, ಉದುರೋ ಪುಡಿ ನೋಡ್ತಾ ಇರು. ಮೊದಲು ಬಿಳೀ ಪುಟ್ಟಿ, ಆಮೇಲೆ ಬೂದಿ ಬಣ್ಣದ ಗಾರೆ ಪುಡಿ. ಇಟ್ಟಿಗೆ ಸಿಕ್ಕಿದ್ರೆ ಕೆಂಪಾಗುತ್ತೆ, ಸಿಮೆಂಟ್ ಬ್ಲಾಕಾದ್ರೆ ಬೂದಿಯಾಗೇ ಇರುತ್ತೆ. ಸುರುಳಿ ಸುರುಳಿಯಾಗಿ ಪ್ಲಾಸ್ಟಿಕ್ ಎಳೆ ಬಂತು ಅಂದ್ರೆ, ಅದು ಬಿಳಿಯೋ ಕಪ್ಪೋ ಯಾವುದಾದ್ರೂ ಆಗಲಿ, ಅಲ್ಲಿಗೇ ನಿಲ್ಲಿಸು. ಪುಡಿ ಒದ್ದೆಯಾಗಿ ಬಿಟ್ಟಿಗೆ ಮೆತ್ತಿಕೊಂಡ್ರೂ ನಿಲ್ಲಿಸು. ಕಿರ್ ಅಂತ ಕಬ್ಬಿಣದ ಸದ್ದು ಬಂದು, ಪುಡಿ ನಿಂತು, ಬಿಟ್ ಮುಂದಕ್ಕೇ ಹೋಗ್ತಿಲ್ಲ ಅಂದ್ರೆ ಕಂಬಿಗೆ ತಗುಲಿದೆ. ಒತ್ತಿ ಪ್ರಯೋಜನ ಇಲ್ಲ, ಬಿಟ್ಟಿನ ತುದಿ ಹಾಳು, ಕಂಬಿಗೂ ಗಾಯ. ಒಂದೆರಡು ಇಂಚು ಸರಿದು ಬೇರೆ ತೂತು ಹಾಕು. ನಿನಗಿದು ಆಗೇ ಆಗುತ್ತೆ, ಯಾಕೆಂದ್ರೆ ಕರ್ಟನ್ ರಾಡ್ ಬರೋದು ಕಿಟಕಿ ಮೇಲೆ, ಅಲ್ಲಿರೋದು ಲಿಂಟಲ್. ಅದು ಕಂಬಿ ಹಾಕಿ ಹೊಯ್ದ ಕಾಂಕ್ರೀಟು. ಆದಷ್ಟೂ ಲಿಂಟಲಿನ ಮೇಲಕ್ಕೆ, ಇಟ್ಟಿಗೆ ಕಟ್ಟಡಕ್ಕೆ ಬ್ರಾಕೆಟ್ ಬರೋ ಹಾಗೆ ಗುರುತು ಹಾಕ್ಕೋ.

ಅಕಸ್ಮಾತ್ ವೈರಿಗೇ ತಗುಲಿತು ಅಂದ್ಕೋ. ಟ್ರಿಗರ್ ಬಿಡು, ಬಿಟ್ಟನ್ನ ಎಳೆದು ತೆಗೆಯೋಕೆ ಹೋಗಬೇಡ. ಮೆಷಿನ್ನಿನ ಹೊರಮೈ ಪ್ಲಾಸ್ಟಿಕ್ಕಾದ್ರೂ ಬಿಟ್ ಕಬ್ಬಿಣ, ಚಕ್ ಕಬ್ಬಿಣ. ಆ ಗಳಿಗೆಯಲ್ಲಿ ಮುಂದಿನ ಕಬ್ಬಿಣ ಎಲ್ಲಕ್ಕೂ ಕರೆಂಟು ಬಂದಿರಬಹುದು. ಅದಕ್ಕೇ ಹೇಳೋದು, ಯಾವಾಗಲೂ ರಬ್ಬರ್ ಹಾಕಿರೋ ಹಿಡಿಯಲ್ಲೇ ಹಿಡಿ, ಆಸರೆಗೆ ಅಂತ ಇನ್ನೊಂದು ಕೈ ಚಕ್ ಮೇಲೆ ಇಡಬೇಡ. ಆ ಕೈಗೆ ಅಂತಲೇ ಪಕ್ಕದ ಹಿಡಿ ಕೊಟ್ಟಿದಾರೆ. ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇದೆ ನೋಡು ನಿನ್ನದು! ಬಹಳ ಜನ ಅದನ್ನ ಜೋಡಿಸೋದೇ ಇಲ್ಲ, ಪೆಟ್ಟಿಗೆಯಲ್ಲೇ ಬಿಟ್ಟಿರ್ತಾರೆ. ತಗೋ, ಈಗಲೇ ಜೋಡಿಸು, ತಿರುಗಿಸಿದ್ರೆ ಬಿಗಿಯಾಗುತ್ತೆ.

ಆ ಹಿಡಿ ಇನ್ನೊಂದಕ್ಕೂ ಬೇಕು. ಬಿಟ್ ಕಂಬಿಗೋ ಜಲ್ಲಿಗೋ ಸಿಕ್ಕಿಕೊಂಡು ಗಕ್ ಅಂತ ನಿಲ್ಲುತ್ತೆ. ಒಳಗಿನ ಮೋಟಾರ್ ನಿಲ್ಲೋಲ್ಲ. ಆಗ ಬಿಟ್ಟಿನ ಬದಲು ಮೆಷಿನ್ನೇ ತಿರುಗೋಕೆ ಹೊರಡುತ್ತೆ. ಒಂದೇ ಕೈಯಲ್ಲಿ ಹಿಡಿದಿದ್ರೆ ಒದ್ದೆ ಬೆಡ್‌ಶೀಟ್ ಹಿಂಡಿದ ಹಾಗೆ ಮಣಿಕಟ್ಟು ತಿರುಚಿಬಿಡುತ್ತೆ. ಏಣಿ ಮೇಲಿದ್ರೆ ನೀನೂ ಅದರ ಜೊತೆಗೇ. ಎರಡು ಕೈ, ಮೊಣಕೈ ಮೈಗೆ ಹತ್ತಿರ, ಕಾಲು ಅಗಲ. ಮೈಭಾರ ಹಾಕಿ ಒತ್ತಬೇಡ. ಸ್ವಲ್ಪ ಕೊರೆದು, ತಿರುಗ್ತಾ ಇರುವಾಗಲೇ ಸ್ವಲ್ಪ ಹಿಂದಕ್ಕೆಳೆದು ಪುಡಿ ಉದುರಿಸಿ, ಮತ್ತೆ ಕೊರಿ. ಸಿಕ್ಕಿಹಾಕಿಕೊಳ್ಳೋದು ಅರ್ಧಕ್ಕರ್ಧ ಅದರಿಂದಲೇ ತಪ್ಪುತ್ತೆ.

ಈ ಟ್ರಿಗರ್ ಪಕ್ಕ ಸಣ್ಣ ಬಟನ್ ಕಾಣ್ತಾ? ಲಾಕ್ ಬಟನ್. ಟ್ರಿಗರ್ ಒತ್ತಿ ಇದನ್ನ ತಳ್ಳಿದ್ರೆ ಬೆರಳು ತೆಗೆದ್ರೂ ಮೆಷಿನ್ ತಿರುಗ್ತಾನೇ ಇರುತ್ತೆ. ಇದನ್ನ ನೀನು ಮುಟ್ಟಲೇಬೇಡ. ಯಾಕೆ ಅಂತ ಹೇಳ್ತೀನಿ, ಈ ಟ್ರಿಗರ್ ಬಂದ ಕಥೆ ಕೇಳು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫೈನ್ ಅನ್ನೋ ಕಂಪನಿ ಕರೆಂಟಿನ ಕೈ ಡ್ರಿಲ್ ಮಾಡ್ತು. ಪಿಸ್ತೂಲಿನ ಥರ ಹಿಡಿ, ಬೆರಳಿಗೆ ಟ್ರಿಗರ್ ಇರೋ ಡ್ರಿಲ್ಲಿಗೆ ಅಮೆರಿಕದಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್‌ನವರು ಪೇಟೆಂಟ್ ತಗೊಂಡಿದ್ದು 1917ರಲ್ಲಿ. ಐಟಿಐ ಹುಡುಗರಿಗೆ ಇದನ್ನ ನಾನು ಮರೀದೆ ಹೇಳ್ತಿದ್ದೆ, ಯಾಕೆಂದ್ರೆ ಟ್ರಿಗರ್ ಇರೋದು ಬರೀ ಅನುಕೂಲಕ್ಕಲ್ಲ. ಗಾಬರಿಯಾದಾಗ ಬೆರಳು ಸಡಿಲ ಬಿಟ್ರೆ ಮೆಷಿನ್ ಸತ್ತುಹೋಗುತ್ತೆ, ಅದೇ ದೊಡ್ಡ ಕಾವಲು. ಲಾಕ್ ಮಾಡಿದೆ ಅಂದ್ರೆ ಆ ಕಾವಲನ್ನ ನೀನೇ ಕಳಿಸಿಬಿಟ್ಟೆ. ನಮ್ಮೂರಲ್ಲಂತೂ ಇನ್ನೊಂದು ಅಪಾಯ. ಕೊರೀತಾ ಇರುವಾಗ ಕರೆಂಟು ಹೋಗುತ್ತೆ. ಲಾಕ್ ಆಗಿರೋದು ನೆನಪಿಲ್ಲದೆ ಡ್ರಿಲ್ಲನ್ನ ಮಂಚದ ಮೇಲಿಟ್ಟು ಕಾಫಿಗೆ ಹೋಗ್ತಾರೆ. ಕರೆಂಟು ಬಂದಾಗ ಅದು ತಾನೇ ತಿರುಗಿ, ಬೆಡ್‌ಶೀಟ್ ಸುತ್ತಿಕೊಂಡು ಕೆಳಕ್ಕೆ ಹಾರುತ್ತೆ. ಪಕ್ಕದಲ್ಲಿ ಮಗು ಇದ್ರೆ? ಕರೆಂಟು ಹೋದ ತಕ್ಷಣ ಪಿನ್ ಕಿತ್ತಿಡು.

ಬಿಟ್ ಬದಲಾಯಿಸುವಾಗಲೂ ಅಷ್ಟೇ, ಪಿನ್ ಕಿತ್ತು ಆಮೇಲೆ ಚಕ್ ಕೀ ಹಾಕು. ಮೂರು ತೂತಿಗೂ ಸುತ್ತಿ ಬಿಗಿ ಮಾಡು. ಕೀ ತೆಗೆದು ಜೇಬಿಗೆ ಹಾಕ್ಕೊಂಡು ಆಮೇಲೆ ಪಿನ್ ಹಾಕು. ಚಕ್ಕಿನಲ್ಲೇ ಬಿಟ್ಟ ಕೀ ಕಲ್ಲು ಹೊಡೆದ ವೇಗದಲ್ಲಿ ಬರುತ್ತೆ. ಕೊರೆದ ಬಿಟ್ ತಕ್ಷಣ ಮುಟ್ಟಬೇಡ, ಬೊಬ್ಬೆ ಏಳುತ್ತೆ.

ಬಟ್ಟೆ ಮಾತು ಹೇಳಿದ್ರೆ ಬೇಜಾರು ಮಾಡ್ಕೋಬೇಡ. ಗಂಡಸರಿಗೂ ಹೇಳ್ತೀನಿ, ಲುಂಗಿ ಉಟ್ಟುಕೊಂಡು ಡ್ರಿಲ್ ಹಿಡಿಯಬೇಡಿ ಅಂತ. ದುಪಟ್ಟ ತೆಗೆದಿಡು, ಜಡೆ ಮೇಲೆ ಕಟ್ಟು, ಬಳೆ ಕಳಚು, ಸರ ರವಿಕೆ ಒಳಗಿರಲಿ. ಕೈಗವಸೂ ಬೇಡ. ತಿರುಗೋ ಬಿಟ್ಟಿಗೆ ಬಟ್ಟೆಯ ಒಂದು ಎಳೆ ಸಿಕ್ರೆ ಬೆರಳೂ ಅದರ ಹಿಂದೆ ಹೋಗುತ್ತೆ. ಕಣ್ಣಿಗೆ ಮಾತ್ರ ಕನ್ನಡಕ ಬೇಕೇ ಬೇಕು, ಪಕ್ಕದಲ್ಲೂ ಮುಚ್ಚಿರೋ ಥರದ್ದು. ಹತ್ತಿ ನಿಲ್ಲೋಕೆ ಪ್ಲಾಸ್ಟಿಕ್ ಕುರ್ಚಿ ಬೇಡ, ಅದರ ಕಾಲು ಹರಡಿಕೊಳ್ಳುತ್ತೆ. ನಮ್ಮನೇಲಿ ಮರದ ಏಣಿ ಇದೆ, ತಗೊಂಡು ಹೋಗು. ಅಲ್ಯೂಮಿನಿಯಂದು ಕರೆಂಟಿನ ಕೆಲಸಕ್ಕೆ ನನಗೆ ಒಪ್ಪಿಗೆ ಇಲ್ಲ. ವೈರು ಹೆಗಲ ಮೇಲಿಂದ ಹಿಂದಕ್ಕೆ ಹೋಗಲಿ, ಬಿಟ್ಟಿನ ಕಡೆ ಬರದ ಹಾಗೆ. ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿಯಲ್ಲ, ಜಾರದ ಶೂ. ನೆಲ ಒರೆಸಿದ ಮೇಲೆ ಅದು ಆರೋವರೆಗೂ ಕಾಯಿ.

ಧೂಳಿನ ವಿಷಯ ಮಾತ್ರ ನಾನು ಸುಲಭಕ್ಕೆ ಬಿಡೋಲ್ಲ. ಇಟ್ಟಿಗೆ, ಮರಳು, ಕಾಂಕ್ರೀಟು, ಎಲ್ಲದರಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣೋ ಪುಡಿ ನೆಲಕ್ಕೆ ಬೀಳುತ್ತೆ, ಕಾಣದ ಪುಡಿ ಶ್ವಾಸಕೋಶದ ತಳ ಸೇರುತ್ತೆ, ಸೇರಿದ್ದು ಹೊರಗೆ ಬರೋಲ್ಲ. ಕೋಲಾರದ ಚಿನ್ನದ ಗಣಿ ಕೇಳಿದೀಯಲ್ಲ, 2001ರಲ್ಲಿ ಮುಚ್ಚಿತಲ್ಲ. ಅಲ್ಲಿ ಬಂಡೆ ಕೊರೀತಿದ್ದವರಿಗೆ ಸಿಲಿಕೋಸಿಸ್ ಬರ್ತಿದ್ದಿದ್ದು 1940ರ ದಶಕದಷ್ಟು ಹಿಂದೆಯೇ ದಾಖಲಾಗಿದೆ. ಚಿನ್ನ ಎಲ್ಲೋ ಹೋಯ್ತು, ಧೂಳು ಅವರ ಎದೆಯಲ್ಲಿ ಉಳೀತು. ಈ ಕಾಯಿಲೆಗೆ ಗುಣ ಆಗೋ ಔಷಧಿ ಇವತ್ತಿಗೂ ಇಲ್ಲ. ನೀನು ಕೊರೆಯೋ ನಾಲ್ಕು ತೂತಿಗೆ ಅದು ಬರುತ್ತೆ ಅಂತ ನಾನು ಹೆದರಿಸ್ತಿಲ್ಲ. ಆದ್ರೆ ಎಸಿ ಕೂರಿಸೋ ಹುಡುಗರು, ವೈರಿಂಗಿಗೆ ಗ್ರೂವ್ ಹೊಡೆಯೋ ಹುಡುಗರು ದಿನವಿಡೀ ಅದೇ ಧೂಳಲ್ಲಿ ಇರ್ತಾರೆ, ಮೂಗಿಗೊಂದು ಕರ್ಚೀಫ್ ಕಟ್ಟಿಕೊಂಡು. ಆ ಬಟ್ಟೆ ಈ ಸಣ್ಣ ಪುಡಿಯನ್ನ ತಡೆಯೋಲ್ಲ. ಎನ್95 ಮಾಸ್ಕ್ ತಡೆಯುತ್ತೆ. ಕೋವಿಡ್ ಕಾಲದಲ್ಲಿ ತಂದಿದ್ದು ಎಲ್ಲರ ಮನೇಲೂ ಒಂದಿಷ್ಟು ಉಳಿದಿದೆ. ಯಾರಾದ್ರೂ ಹುಡುಗ ನಿಮ್ಮ ಮನೆ ಗೋಡೆ ಕೊರೆಯೋಕೆ ಬಂದ್ರೆ, ನೀರು ಕೊಡೋ ಹಾಗೆ ಒಂದು ಮಾಸ್ಕೂ ಕೊಡಮ್ಮ. ಹಾಕ್ಕೋ ಅಂತ ಜೋರು ಮಾಡು. ಅವನ ಮೇಸ್ತ್ರಿ ಹೇಳೋಲ್ಲ, ಕೂಲಿ ಕೊಡೋ ನಾವೂ ಹೇಳದಿದ್ರೆ ಇನ್ಯಾರು ಹೇಳ್ತಾರೆ?

ಮನೆಯೊಳಗೆ ಧೂಳು ಹರಡದ ಹಾಗೆ ಒಂದು ಉಪಾಯ ಇದೆ. ಹಳೇ ಕ್ಯಾಲೆಂಡರ್ ಹಾಳೆಯನ್ನ ಜೇಬಿನ ಥರ ಮಡಿಸಿ, ಗುರುತಿನ ಕೆಳಗೆ ಟೇಪಲ್ಲಿ ಅಂಟಿಸು. ಪುಡಿಯಲ್ಲಿ ಬಹುಪಾಲು ಅದರೊಳಗೇ ಬೀಳುತ್ತೆ. ಅದೇ ಟೇಪಿನ ಒಂದು ತುಂಡನ್ನ ಬಿಟ್ಟಿಗೂ ಸುತ್ತು, ಎಷ್ಟು ಆಳ ಬೇಕೋ ಅಲ್ಲಿಗೆ. 6 ಎಂಎಂ ಪ್ಲಗ್ಗಿಗೆ 6 ಎಂಎಂ ಬಿಟ್, ಆಳ ಪ್ಲಗ್ಗಿಗಿಂತ ಅರ್ಧ ಇಂಚು ಜಾಸ್ತಿ. ಗಾರೆಯಲ್ಲೇ ನಿಂತ ಪ್ಲಗ್ ಪರದೆ ಎಳೆದಾಗ ಗಾರೆ ಸಮೇತ ಕಿತ್ತು ಬರುತ್ತೆ, ಇಟ್ಟಿಗೆವರೆಗೂ ಹೋಗಬೇಕು. ಮೊದಲು ಸುತ್ತಿಗೆ ಇಲ್ಲದೆ ನಿಧಾನಕ್ಕೆ ಒಂದು ಗುಳಿ ಮಾಡ್ಕೋ, ಬಿಟ್ ಜಾರೋಲ್ಲ. ಆಮೇಲೆ ಸುತ್ತಿಗೆಗೆ ತಳ್ಳಿ ಕೊರಿ.

ಇನ್ನು ಮಗುವಿಗೆ ಉಯ್ಯಾಲೆ ಕೊಕ್ಕೆ ಅಂದೆಯಲ್ಲ, ಮೇಲಿನ ಮೋಲ್ಡಿಗೆ. ಅದನ್ನ ಇದರಲ್ಲಿ ಮಾಡೋಕೆ ನಾನು ಬಿಡೋಲ್ಲ. ಮೋಲ್ಡು ತುಂಬಾ ಕಂಬಿ, ಜೊತೆಗೆ ಫ್ಯಾನಿನ ಪೈಪೂ ಅದರೊಳಗೇ ಓಡಿರುತ್ತೆ. ತಲೆ ಮೇಲೆ ಕೈ ಎತ್ತಿ ಹಿಡಿದ್ರೆ ನಿನ್ನ ಹಿಡಿತವೂ ಅರ್ಧ ಆಗುತ್ತೆ. ಗಟ್ಟಿ ಕಾಂಕ್ರೀಟಿಗೆ ಬೇರೇನೇ ಮೆಷಿನ್ ಬರುತ್ತೆ, ರೋಟರಿ ಹ್ಯಾಮರ್ ಅಂತಾರೆ, ಒಳಗೆ ಪಿಸ್ಟನ್ ಗಾಳಿ ಒತ್ತಿ ಏಟು ಕೊಡುತ್ತೆ, ಅದರ ಬಿಟ್ಟೇ ಬೇರೆ. ಆ ಕೊಕ್ಕೆಗೆ ನಟ್ ಬಿಗಿದಾಗ ಒಳಗೆ ಹಿಗ್ಗೋ ಆಂಕರ್ ಬೋಲ್ಟ್ ಬೇಕು, ಪ್ಲಾಸ್ಟಿಕ್ ಪ್ಲಗ್ ಸಾಲದು. ಮಗು ಕೂರೋ ಜಾಗ ಅದು. ಗೊತ್ತಿರೋ ಮೇಸ್ತ್ರಿ ಒಬ್ಬ ಇದಾನೆ, ನಾನೇ ಕರೆಸ್ತೀನಿ, ಕೊಕ್ಕೆ ಹಾಕಿದ ಮೇಲೆ ಸಿಮೆಂಟ್ ಮೂಟೆ ಕಟ್ಟಿ ಒಂದು ರಾತ್ರಿ ಬಿಟ್ಟು ನೋಡೋಣ.

ಕರ್ಟನ್ ರಾಡು ನೀನೇ ಹಾಕು. ಈಗ ಬೇಡ, ಎದುರು ಮನೆ ಅಜ್ಜಿ ಮಲಗಿರ್ತಾರೆ, ಇದರ ಸದ್ದು ಅವರ ಹಾಸಿಗೆವರೆಗೂ ಹೋಗುತ್ತೆ. ನಾಲ್ಕು ಗಂಟೆ ಮೇಲೆ ಶುರು ಮಾಡು, ಕಿವಿಗೆ ಹತ್ತಿ ಬೇಡ, ಮೆಡಿಕಲ್ ಶಾಪಲ್ಲಿ ಇಯರ್ ಪ್ಲಗ್ ಸಿಗುತ್ತೆ. ಅಷ್ಟರಲ್ಲಿ ಮಾವನವರ ಹತ್ರ ಆ ಫೋಟೋ ಕೇಳು, ಸಿಕ್ರೆ ನನ್ನ ಮೊಬೈಲಿಗೆ ಕಳಿಸು. ಒಳಗೆ ಯಾರಾದ್ರೂ ಕಂಪ್ಯೂಟರ್ ಹಾಕ್ಕೊಂಡಿದ್ರೆ ಆಫ್ ಮಾಡೋಕೆ ಹೇಳಿ, ಆ ಟಿ ಬಟನ್ ಒಂದು ಸಲ ಒತ್ತಿ ನೋಡು. ಬಿದ್ರೆ ಅಲ್ಲಿಂದಲೇ ಕೂಗು, ಏಣಿ ಟೆಸ್ಟರ್ ತಗೊಂಡು ಗೇಟ್ ಕಡೆಯಿಂದ ಬರ್ತೀನಿ.